ಹದಿನಾಲ್ಕು ಗುಳಿಗಳ ಮಣೆ

ಪಡುವಣದಲ್ಲಿ ಅರಬ್ಬಿ ಸಮುದ್ರ, ಮೂಡಣದಲ್ಲಿ ಸಹ್ಯಾದ್ರಿಯ ಸಾಲು. ಇವೆರಡರ ನಡುವಣ ಕಿರಿದಾದ ನೆಲದಲ್ಲಿ ಬಿಜೂರು ಇದೆ. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಗದ್ದೆಯ ನಾಟಿ ಮುಗಿದು, ಹೊಳೆಗಳು ತುಂಬಿ, ಕಡಲು ಮೊರೆಯುವ ಆ ತಿಂಗಳನ್ನು ಇಲ್ಲಿಯ ಜನ ‘ಆಸಾಡಿ’ ಎನ್ನುತ್ತಾರೆ. ಹಿಂದೆ ಈ ಬಿಡುವಿನ ದಿನಗಳಲ್ಲಿ ಅಟ್ಟದಿಂದ ಒಂದು ಮರದ ಮಣೆ ಜಗಲಿಗೆ ಇಳಿದು ಬರುತ್ತಿತ್ತು. ಅದೇ ಚೆನ್ನೆಮಣೆ. ಮೈಸೂರು ಕಡೆಯವರು ಇದನ್ನೇ ಅಳಗುಳಿಮಣೆ ಎಂದು ಕರೆಯುವರು.

ಮಣೆಯಲ್ಲಿ ಎರಡು ಸಾಲು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಎದುರುಬದುರಾಗಿ ಕುಳಿತ ಇಬ್ಬರಿಗೆ ಒಂದೊಂದು ಸಾಲು. ಗೆದ್ದ ಕಾಯಿಗಳನ್ನಿಡಲು ಕೆಲವು ಮಣೆಗಳ ಎರಡು ತುದಿಗಳಲ್ಲಿ ಒಂದೊಂದು ದೊಡ್ಡ ಗುಳಿಯೂ ಇರುವುದುಂಟು. ಗುಳಿಗೆ ನಾಲ್ಕರಂತೆ ತುಂಬಿದರೆ ಒಟ್ಟು 56 ಕಾಯಿಗಳು. ಆಡುವವರು ತಮ್ಮ ಸಾಲಿನ ಒಂದು ಗುಳಿಯನ್ನು ಬರಿದುಮಾಡಿ, ಕೈಗೆ ಬಂದ ಕಾಯಿಗಳನ್ನು ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಬಿತ್ತುತ್ತ ಹೋಗುತ್ತಾರೆ. ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಕಾಯಿಗಳಿದ್ದರೆ ಅವನ್ನೆತ್ತಿ ಮತ್ತೆ ಬಿತ್ತಬೇಕು. ಅದು ಖಾಲಿಯಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರ ಪಾಲು. ಆಟದ ಬಗೆಗಳು ಹಲವು. ಊರಿಂದ ಊರಿಗೆ ಕಟ್ಟಳೆಗಳೂ ಬದಲಾಗುತ್ತವೆ.

ಈ ಆಟದಲ್ಲಿ ದಾಳವಿಲ್ಲ, ಕವಡೆಯನ್ನು ಉರುಳಿಸುವುದಿಲ್ಲ. ಪಗಡೆಯಲ್ಲಿ ಸೋತವನು ದಾಳವನ್ನು ದೂರಬಹುದು; ಚೆನ್ನೆಯಲ್ಲಿ ಆ ಅನುಕೂಲವಿಲ್ಲ. ಕಾಯಿಗಳೆಲ್ಲ ಇಬ್ಬರ ಕಣ್ಣೆದುರೇ ಇರುತ್ತವೆ. ನುರಿತವರು ಅವನ್ನು ಮುಟ್ಟಿ ಎಣಿಸುವುದಿಲ್ಲ; ಕಣ್ಣಳತೆಯಲ್ಲೇ ಲೆಕ್ಕ ಹಾಕಿ, ಹತ್ತಾರು ಗುಳಿಗಳಾಚೆ ತಮ್ಮ ಕೈ ಎಲ್ಲಿ ಬರಿದಾಗುವುದೆಂಬುದನ್ನು ಮೊದಲೇ ಕಾಣುತ್ತಾರೆ.

ಸೋಲಿಗೆ ನೆಪವಿಲ್ಲದ ಆಟದಲ್ಲಿ ಸೋಲು ಹೆಚ್ಚು ನೋಯಿಸುತ್ತದೆ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರ ಕಥೆಯಿದೆ. ಹಿರಿಯರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವರಿಬ್ಬರೂ ಚೆನ್ನೆ ಆಡಲು ಕುಳಿತರು. ಆಟ ಮಾತಿಗೆ ತಿರುಗಿತು, ಮಾತು ಜಗಳಕ್ಕೆ ತಿರುಗಿತು. ಒಬ್ಬಳು ಮಣೆಯನ್ನೇ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆದಳು. ಒಡಹುಟ್ಟಿದವಳು ಏಳದಿರುವುದನ್ನು ಕಂಡು ತಾನೂ ಬಾವಿಗೆ ಹಾರಿದಳು. ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರೂ ತುಳುನಾಡಿನ ವಿದ್ವಾಂಸರೂ ಕೂಡಿ 1990ರಲ್ಲಿ ದಾಖಲಿಸಿಕೊಂಡರು. 15,683 ಸಾಲುಗಳ ಆ ಪಠ್ಯವು 1998ರಲ್ಲಿ ಅಚ್ಚಾಯಿತು. ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆ ಆಡಬಾರದೆಂಬ ನಂಬಿಕೆ ತುಳುನಾಡಿನಲ್ಲಿ ಈ ಕಥೆಯೊಂದಿಗೇ ಬೆಳೆದುಬಂದಿದೆ.

ಆಟವೇನೋ ನಮ್ಮದೊಂದೇ ನಾಡಿನದಲ್ಲ. ತಮಿಳರ ಪಲ್ಲಾಂಗುಳಿ, ಮಲೇಷ್ಯಾದ ಚೊಂಗ್ಕಾಕ್, ಘಾನಾ ದೇಶದ ಹನ್ನೆರಡು ಗುಳಿಗಳ ಒವಾರೆ—ಇವೆಲ್ಲ ಒಂದೇ ಮನೆತನದವು. ಮಣೆಗಳ ಆಕಾರ ಬೇರೆ, ಕಾಯಿಗಳ ಲೆಕ್ಕ ಬೇರೆ. ಬಿತ್ತುವ ಕೈ ಮಾತ್ರ ಒಂದೇ.

ಇಂಥ ಆಟಕ್ಕೆ ಮಣೆ ಮಾಡುವವರ ಹೊಣೆ ಸಣ್ಣದಲ್ಲ. ಒಂದು ಗುಳಿ ಉಳಿದವುಗಳಿಗಿಂತ ಆಳವಾದರೆ ತಳದ ಕಾಯಿಗಳು ನೆರಳಿನಲ್ಲಿ ಅಡಗುತ್ತವೆ. ಕಣ್ಣಿನ ಲೆಕ್ಕ ತಪ್ಪುತ್ತದೆ. ಇನ್ನೊಂದು ತಟ್ಟೆಯಂತೆ ಹರವಾದರೆ ಬಿದ್ದ ಕಾಯಿ ಪುಟಿದು ನೆರೆಯ ಗುಳಿಗೆ ಸೇರುತ್ತದೆ. ಆಗ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ.

ಕರಾವಳಿಯಲ್ಲಿ ಬಡಗಿಯನ್ನು ಆಚಾರಿ ಎಂದು ಕರೆಯುವುದು ರೂಢಿ. ಆಚಾರಿಗಳು ಮಣೆಗೆ ಹಲಸಿನ ಮರವನ್ನು ಮೆಚ್ಚುತ್ತಾರೆ. ಅದು ಉಳಿಗೆ ಒಗ್ಗುವಷ್ಟು ಮೆದು, ತಲೆಮಾರು ಬಾಳುವಷ್ಟು ಗಟ್ಟಿ. ಹೊಸದರಲ್ಲಿ ಅರಿಶಿನದ ಬಣ್ಣವಿದ್ದು, ವರ್ಷಗಳು ಕಳೆದಂತೆ ಕಂದಾಗುತ್ತದೆ. ಆದರೆ ಹಸಿಮರ ಕೂಡದು. ಹಸಿ ಹಲಗೆಯಲ್ಲಿ ಕೊರೆದ ಮಣೆ ಬೇಸಗೆ ಬರುತ್ತಲೇ ತುದಿಯಿಂದ ಬಿರಿಯುತ್ತದೆ. ಮರದ ನಡುದಿಂಡು ಸೇರದಂತೆ ಸೀಳಿದ, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿದ ಹಲಗೆಯೇ ಆಗಬೇಕು. ಹೊರಸುತ್ತಿನ ಬಿಳಿಮರವನ್ನು ಹುಳುಗಳಿಗೆ ಬಿಟ್ಟುಕೊಡುವುದು ಲೇಸು.

ಸುಮಾರು 55 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪದ ತುಂಡು ಸಾಕು. ಬಾಚಿಯಿಂದ ಕೆತ್ತಿ, ಕೀಸುಳಿ ಹಾಕಿ ಮೈ ಸಮಮಾಡಿದ ಮೇಲೆ ನಡುಗೆರೆ ಎಳೆದು, ಎರಡೂ ಬದಿಗಳಲ್ಲಿ ಏಳೇಳು ವೃತ್ತಗಳನ್ನು ಕೈವಾರದಿಂದ ಬರೆಯಬೇಕು. ವೃತ್ತದ ಅಗಲ ಐದು-ಐದೂವರೆ ಸೆಂಟಿಮೀಟರ್. ನಾಲ್ಕು ಬೆರಳುಗಳು ಕೂಡಿ ಇಳಿದು ಕಾಯಿಗಳನ್ನು ಬಳಿದುಕೊಳ್ಳಲು ಅಷ್ಟು ಬೇಕು. ಅನಂತರ ಬಾಗಿದ ಬಾಯಿಯ ಉಳಿ ಮತ್ತು ಕೊಡತಿಯ ಕೆಲಸ. ಉಳಿ ಯಾವಾಗಲೂ ಅಂಚಿನಿಂದ ನಡುವಿಗೆ ಇಳಿಯಬೇಕು. ನಡುವಿನಿಂದ ಅಂಚಿಗೆ ಎತ್ತಿದರೆ ಮರದ ಎಳೆ ಸೀಳಿ, ಗುಳಿಯ ಬಾಯಿ ಹಾರಿಹೋಗುತ್ತದೆ.

ಆಳವನ್ನು ಅಳೆಯಲು ದುಬಾರಿ ಉಪಕರಣವೇನೂ ಬೇಡ. ಗುಳಿಯ ಬಾಯಿಗೆ ಅಡ್ಡಲಾಗಿ ನೇರವಾದ ಪಟ್ಟಿಯೊಂದನ್ನಿಟ್ಟು, ಗುರುತು ಮಾಡಿದ ಕಡ್ಡಿಯನ್ನು ತಳಕ್ಕೆ ಇಳಿಬಿಟ್ಟರೆ ಸಾಕು. ಹನ್ನೆರಡು ಗುಳಿಗಳು ಸರಿಯಾಗಿ ಬಂದ ಮೇಲೆ ಹದಿಮೂರನೆಯದರಲ್ಲಿ ಉಳಿ ಜಾರಿತೆನ್ನಿ. ಕೆತ್ತಿ ತೆಗೆದ ಮರವನ್ನು ಮತ್ತೆ ತುಂಬುವಂತಿಲ್ಲ. ಉಳಿದ ಗುಳಿಗಳನ್ನೆಲ್ಲ ಆ ಒಂದರ ಆಳಕ್ಕೇ ಇಳಿಸಬೇಕು; ಹಲಗೆಯಲ್ಲಿ ಅಷ್ಟು ದಪ್ಪ ಉಳಿದಿರದಿದ್ದರೆ ಮೂರು ದಿನಗಳ ದುಡಿಮೆ ಒಲೆಗೆ ಹೋಗುತ್ತದೆ. ಆದ್ದರಿಂದಲೇ ಬಲ್ಲವರು ಯಾವ ಗುಳಿಯನ್ನೂ ಒಮ್ಮೆಗೇ ಮುಗಿಸುವುದಿಲ್ಲ. ಹದಿನಾಲ್ಕನ್ನೂ ಅರ್ಧ ಆಳಕ್ಕೆ ತೋಡಿ, ಮತ್ತೆ ಮೊದಲಿನಿಂದ ಬರುತ್ತಾರೆ.

ಉರುಟು ಕಲ್ಲಿಗೆ ಮರಳುಕಾಗದವನ್ನು ಸುತ್ತಿ ಗುಳಿಗಳನ್ನು ಉಜ್ಜಿದ ಮೇಲೆ ಎಣ್ಣೆ. ಗೇರುಬೀಜದ ಸಿಪ್ಪೆಯ ಎಣ್ಣೆ ಮನೆಯ ಜಂತಿ ಪಕಾಸುಗಳನ್ನು ಹುಳುವಿನಿಂದ ಕಾಯುವುದು ನಿಜ. ಆದರೆ ಅದು ಚರ್ಮವನ್ನು ಸುಡುತ್ತದೆ. ಮಕ್ಕಳ ಕೈ ಆಡುವ ಮಣೆಗೆ ತೆಂಗಿನೆಣ್ಣೆಯೇ ತಕ್ಕದ್ದು.

ಕಾಯಿಗಳನ್ನು ಮಾಡಬೇಕಾಗಿಲ್ಲ, ಹೆಕ್ಕಿದರಾಯಿತು. ಮಂಜಟ್ಟಿ ಮರದ ಕೆಂಪು ಬೀಜಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಅವನ್ನೇ ಬಳಸುತ್ತಿದ್ದರು. ಹುಣಸೆಬೀಜದಿಂದಲೂ ಆಟ ನಡೆಯುತ್ತದೆ. ಮಂಜಟ್ಟಿಯ ಅಂದ ಮಾತ್ರ ಅದಕ್ಕಿಲ್ಲ.

ಕೊನೆಗೆ ಆಚಾರಿಗಳು ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣುಮುಚ್ಚಿ, ಗುಳಿಯಿಂದ ಗುಳಿಗೆ ಬೆರಳಾಡಿಸುತ್ತಾರೆ. ಎಲ್ಲಾದರೂ ಬೆರಳು ತಡೆದರೆ ಮತ್ತೆ ಉಳಿ ಕೈಗೆ ಬರುತ್ತದೆ. ಐದನೆಯದು ಯಾವುದು, ಒಂಬತ್ತನೆಯದು ಯಾವುದೆಂದು ಬೆರಳಿಗೆ ಗೊತ್ತಾಗದಂತಾದಾಗ ಮಣೆಯನ್ನು ಒರೆಸಿ ಪಕ್ಕಕ್ಕಿಡುತ್ತಾರೆ.