ನೆರಳಿನಲ್ಲಿ ಅರಳುವ ಸುಗಂಧಿ

ಮಲೆನಾಡಿನ ಹಳೆಯ ಮನೆಗಳ ಹಿತ್ತಿಲಲ್ಲಿ ಬಿಸಿಲು ಸರಿಯಾಗಿ ಬೀಳದ ಮೂಲೆಯೊಂದು ಇದ್ದೇ ಇರುತ್ತದೆ. ಒಂದು ಕಡೆ ಹಲಸಿನ ಮರದ ನೆರಳು. ಇನ್ನೊಂದು ಕಡೆ ಬಚ್ಚಲುಮನೆಯ ಗೋಡೆ. ನಡುವೆ ಬಚ್ಚಲ ನೀರು ಹರಿದು ಸದಾ ಒದ್ದೆಯಾಗಿರುವ ನೆಲ. ಅಲ್ಲಿ ಗುಲಾಬಿಯನ್ನು ನೆಟ್ಟರೆ ಬೇರು ಕೊಳೆಯುತ್ತದೆ. ಸೇವಂತಿಗೆಯನ್ನು ನೆಟ್ಟರೆ ಬಿಸಿಲಿಲ್ಲದೆ ಸೊರಗುತ್ತದೆ. ಯಾವುದಕ್ಕೂ ಬಾರದೆಂದು ಕೈಬಿಟ್ಟ ಇಂತಹ ಜಾಗದಲ್ಲಿಯೇ ಸೊಂಪಾಗಿ ಬೆಳೆಯುವ ಹೂಗಿಡವೊಂದುಂಟು. ಅದೇ ಸುಗಂಧಿ. ಸುರುಳಿ ಸುಗಂಧಿ ಎಂದೂ ಅದನ್ನು ಕರೆಯುತ್ತಾರೆ.

ಸುಗಂಧಿಯು ಶುಂಠಿ, ಅರಿಶಿನ, ಏಲಕ್ಕಿಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಪೂರ್ವ ಹಿಮಾಲಯದ ತೇವಭರಿತ ಕಾಡುಗಳು ಅದರ ತವರು ನೆಲೆಗಳಲ್ಲೊಂದು. ದಕ್ಷಿಣ ಭಾರತದಲ್ಲಿ ಬಹುಕಾಲ ನೆಲೆಸಿದ್ದ ವೈದ್ಯ, ಸಸ್ಯಶಾಸ್ತ್ರಜ್ಞ ಯೋಹಾನ್ ಗೆರ್ಹಾರ್ಡ್ ಕೋನಿಗ್ 1783ರಲ್ಲಿ ಅದಕ್ಕೆ ಹೆಡಿಕಿಯಂ ಕೊರೊನೇರಿಯಂ ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಹೆಡಿಕಿಯಂ ಎಂಬ ಪದವು ‘ಸಿಹಿ’ ಮತ್ತು ‘ಹಿಮ’ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಹುಟ್ಟಿದೆ. ಹಿಮದಂತೆ ಬಿಳುಪು, ಜೇನಿನಂತಹ ಪರಿಮಳ. ಹೆಸರು ಹೂವಿಗೆ ಒಪ್ಪುವಂತಿದೆ.

ಇದನ್ನು ಬೆಳೆಸಲು ಬೀಜ ಬೇಕಿಲ್ಲ. ಮಳೆಗಾಲದ ಆರಂಭದಲ್ಲಿ, ಎರಡು ಮೂರು ಮೊಳಕೆಯ ಕಣ್ಣುಗಳಿರುವ ಗಡ್ಡೆಯ ತುಂಡನ್ನು ಆರಿಸಬೇಕು. ಮಣ್ಣಿಗೆ ಕೊಳೆತ ತರಗೆಲೆಯನ್ನೂ ಹಟ್ಟಿಗೊಬ್ಬರವನ್ನೂ ಬೆರೆಸಿ, ಗಡ್ಡೆಯನ್ನು ಎರಡು ಅಂಗುಲ ಆಳಕ್ಕೆ ಅಡ್ಡಲಾಗಿ ಇಡಬೇಕು. ಗಿಡದಿಂದ ಗಿಡಕ್ಕೆ ಎರಡು ಅಡಿ ಅಂತರವಿರಲಿ. ಅಗಲವಾದ ಎಲೆಗಳಿಂದ ನೀರು ಬೇಗನೆ ಆವಿಯಾಗುವುದರಿಂದ, ನೆಲ ಒಣಗಿದರೆ ಎಲೆಯ ಅಂಚು ಕಂದುತ್ತದೆ. ನೆರಳು ಬೇಕೆಂದ ಮಾತ್ರಕ್ಕೆ ಕತ್ತಲೆಯಲ್ಲಿ ನೆಡಬಾರದು. ಕೊಂಬೆಗಳ ನಡುವೆ ಸೋಸಿ ಬರುವ ಬೆಳಕಾದರೂ ದೊರೆಯದಿದ್ದರೆ ಎಲೆ ಹೆಚ್ಚಿ, ಹೂ ಕಡಿಮೆಯಾಗುತ್ತದೆ. ಬಚ್ಚಲ ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಿಂದೆ ಆ ನೀರಿನಲ್ಲಿ ಬೆರೆಯುತ್ತಿದ್ದುದು ಸೀಗೆಪುಡಿ, ಕಡಲೆಹಿಟ್ಟು. ಬಟ್ಟೆ ಒಗೆಯುವ ಇಂದಿನ ಪುಡಿಗಳ ನೀರು ದಿನವೂ ಬಿದ್ದರೆ ಅದರಲ್ಲಿನ ಲವಣಗಳು ಮಣ್ಣನ್ನು ಕೆಡಿಸುತ್ತವೆ.

ಆಳೆತ್ತರಕ್ಕೆ ಬೆಳೆದ ಗಿಡದ ತುದಿಯಲ್ಲಿ ಶ್ರಾವಣದ ವೇಳೆಗೆ ಹಸಿರು ತೆನೆಯೊಂದು ಮೂಡುತ್ತದೆ. ಅದರ ಹೊದಿಕೆಗಳ ಸಂದಿನಿಂದ ಸುರುಳಿ ಸುತ್ತಿದ ಮೊಗ್ಗುಗಳು ಒಂದೊಂದಾಗಿ ಹೊರಬರುತ್ತವೆ. ಸಂಜೆಯಾಗುತ್ತಲೇ ಸುರುಳಿ ಬಿಚ್ಚಿ ಚಿಟ್ಟೆಯಂತಹ ಬಿಳಿಯ ಹೂ ಅರಳುತ್ತದೆ. ಎಸಳುಗಳೆಂದು ಕಾಣುವ ಅಗಲವಾದ ಭಾಗಗಳು ನಿಜವಾಗಿ ಎಸಳುಗಳಲ್ಲ. ರೂಪ ಬದಲಿಸಿದ ಕೇಸರಗಳು. ನಿಜವಾದ ಎಸಳುಗಳು ಕಿರಿದಾಗಿ ಹಿಂದಕ್ಕೆ ಬಾಗಿರುತ್ತವೆ. ಬಿಳುಪೂ ರಾತ್ರಿಯ ಪರಿಮಳವೂ ಪತಂಗಗಳಿಗೆ ಕತ್ತಲೆಯಲ್ಲಿ ದಾರಿ ತೋರುತ್ತವೆ; ನೀಳವಾದ ಹೂನಾಳದ ತಳದಲ್ಲಿರುವ ಮಕರಂದವು ಉದ್ದ ಸೊಂಡಿಲಿನ ಪತಂಗಕ್ಕೆ ಮಾತ್ರ ಎಟಕುತ್ತದೆ. ಒಂದು ಕಾಂಡ ಹೂ ಬಿಡುವುದು ಒಮ್ಮೆ ಮಾತ್ರ. ಹೂ ಮುಗಿದ ಕಾಂಡವನ್ನು ಬುಡಕ್ಕೆ ಕತ್ತರಿಸಿದರೆ, ಪಕ್ಕದಲ್ಲಿ ಏಳುವ ಹೊಸ ಚಿಗುರಿಗೆ ಎಡೆ ದೊರೆಯುತ್ತದೆ.

ಈ ಸೊಬಗಿಗೆ ಮತ್ತೊಂದು ಮುಖವೂ ಉಂಟು. ತೋಟಗಳ ಅಲಂಕಾರಕ್ಕೆಂದು ಸುಗಂಧಿಯನ್ನು ಕಡಲಾಚೆಯ ನಾಡುಗಳಿಗೂ ಒಯ್ದರು. ಕ್ಯೂಬಾ ದೇಶವು ಅದನ್ನು ಮೆಚ್ಚಿ ತನ್ನ ರಾಷ್ಟ್ರಪುಷ್ಪವನ್ನಾಗಿ ಮಾಡಿಕೊಂಡಿತು. ಆದರೆ ಬ್ರೆಜಿಲ್ ಹಾಗೂ ಹವಾಯಿ ದ್ವೀಪಗಳಲ್ಲಿ ಅದೇ ಗಿಡ ತೋಟದ ಬೇಲಿ ದಾಟಿ ಹೊಳೆಯ ದಂಡೆಗಳಿಗೆ ಹಬ್ಬಿತು. ಗಡ್ಡೆಯ ಸಣ್ಣ ತುಂಡೊಂದು ನೀರಿನಲ್ಲಿ ತೇಲಿಹೋಗಿ, ದಡ ಸೇರಿದಲ್ಲಿ ಬೇರೂರುತ್ತದೆ. ದಟ್ಟವಾಗಿ ಹೆಣೆದ ಗಡ್ಡೆಗಳ ನಡುವೆ ಆ ನೆಲದ ಸಸಿಗಳಿಗೆ ತಲೆಯೆತ್ತಲು ಸ್ಥಳವೇ ಉಳಿಯುವುದಿಲ್ಲ. ತಪ್ಪು ಹೂವಿನದಲ್ಲ, ನೆಟ್ಟು ಮರೆತವರದು.

ಪಶ್ಚಿಮ ಘಟ್ಟದ ಹಳ್ಳಕೊಳ್ಳಗಳ ದಂಡೆಯಲ್ಲಿ ಅನೇಕ ಅಪೂರ್ವ ಸಸ್ಯಗಳಿವೆ. ಆದ್ದರಿಂದ ಮೂರು ನಾಲ್ಕು ವರ್ಷಕ್ಕೊಮ್ಮೆ ಸುಗಂಧಿಯ ಮೆಳೆಯನ್ನು ಅಗೆದು ಬಿಡಿಸುವಾಗ, ಹೆಚ್ಚಾದ ಗಡ್ಡೆಯನ್ನು ಹಳ್ಳಕ್ಕೆ ಎಸೆಯಬಾರದು. ನೆರೆಮನೆಯವರು ಬೇಡಿದರೆ ಕೊಡಬಹುದು; ಉಳಿದುದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಸುಡಬಹುದು. ಬೇಡದ ಮೂಲೆಯಲ್ಲಿ, ಚೆಲ್ಲಿದ ನೀರಿನಲ್ಲಿ ಬೆಳೆದು ಮನೆಗೆಲ್ಲ ಪರಿಮಳ ಹರಡುವ ಗಿಡವದು. ಅದನ್ನು ಆ ಮೂಲೆಯ ಎಲ್ಲೆಯಲ್ಲಿಯೇ ಕಾಪಾಡುವುದು ನೆಟ್ಟವರ ಕರ್ತವ್ಯ. ಗಿಡವನ್ನು ಪ್ರೀತಿಸುವುದೆಂದರೆ ಅದನ್ನು ಬೆಳೆಸುವುದಷ್ಟೇ ಅಲ್ಲ. ಅದರ ಸುತ್ತಲಿನ ಬಾಳನ್ನೂ ಉಳಿಸುವುದು.