ಒಡಲೊಳಗಿನ ಜಲಾಶಯ

ಚಿತ್ರದುರ್ಗ ಜಿಲ್ಲೆಯು ಮಳೆ ಕಡಿಮೆಯಾದ ಸೀಮೆ. ಹೊಸದುರ್ಗದ ಕಡೆಯಿಂದ ಹರಿದುಬರುವ ವೇದಾವತಿ ನದಿಗೆ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಅದೇ ವಾಣಿವಿಲಾಸ ಸಾಗರ. ಮಳೆಗಾಲದ ನೀರನ್ನು ಕೂಡಿಟ್ಟು, ಬೇಕಾದಾಗ ತೂಬು ತೆರೆದು ನಾಲೆಗಳಿಗೆ ಬಿಡುವುದು ಅದರ ಧರ್ಮ.

ನಮ್ಮ ದೇಹದಲ್ಲಿಯೂ ಇಂತಹ ಜಲಾಶಯವೊಂದುಂಟು, ಅದು ಯಕೃತ್ತು. ಊಟದ ತರುವಾಯ ರಕ್ತದಲ್ಲಿ ಗ್ಲೂಕೋಸ್ ಹೆಚ್ಚುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಆಣತಿಯಂತೆ ಯಕೃತ್ತು ಸುಮಾರು 100 ಗ್ರಾಮಿನಷ್ಟು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ.

ನಾವು ನಿದ್ರಿಸುವಾಗಲೂ ಮಿದುಳು ದುಡಿಯುತ್ತಿರುತ್ತದೆ. ಅದರ ಮುಖ್ಯ ಆಹಾರ ಗ್ಲೂಕೋಸ್. ರಕ್ತದಲ್ಲಿ ಅದು ತಗ್ಗಿದೊಡನೆ ಅದೇ ಗ್ರಂಥಿಯಿಂದ ಗ್ಲುಕಗಾನ್ ಎಂಬ ಮತ್ತೊಂದು ಹಾರ್ಮೋನು ಹೊರಡುತ್ತದೆ. ಅದು ಯಕೃತ್ತಿನ ಜೀವಕೋಶದ ಒಳಹೊಗದೆ ಹೊರಬಾಗಿಲನ್ನಷ್ಟೇ ತಟ್ಟುತ್ತದೆ. ಆ ಕರೆಗೆ ಒಳಗಿನ ಕಿಣ್ವಗಳು ಒಂದರ ಹಿಂದೊಂದು ಎಚ್ಚೆತ್ತು, ಗ್ಲೈಕೋಜನನ್ನು ಒಡೆದು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತವೆ. ಹಾರ್ಮೋನುಗಳ ಈ ಕಾರ್ಯವಿಧಾನವನ್ನು ಶೋಧಿಸಿದ ಅರ್ಲ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿಗೆ 1971ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಹಾಗಾದರೆ ಸಿಹಿಮೂತ್ರ ರೋಗಿಯು ರಾತ್ರಿಯೆಲ್ಲ ಏನನ್ನೂ ತಿನ್ನದಿದ್ದರೂ ಬೆಳಗ್ಗೆ ಅವನ ರಕ್ತದ ಸಕ್ಕರೆ ಏರಿರುವುದೇಕೆ? ಇನ್ಸುಲಿನ್ ಸಾಲದೆಯೋ, ಅದರ ಮಾತನ್ನು ಯಕೃತ್ತು ಕೇಳದೆಯೋ ತೂಬು ತೆರೆದೇ ಇರುತ್ತದೆ. ನಾಲೆ ತುಂಬಿದ್ದರೂ ನೀರು ಹರಿಯುತ್ತಲೇ ಇರುತ್ತದೆ. ಇದನ್ನರಿಯದ ಮನೆಯವರು, ಮುದುಕರು ಕದ್ದು ಸಿಹಿ ತಿಂದರೆಂದು ಗದರುವುದುಂಟು. ತಪ್ಪು ಹಲವು ವೇಳೆ ನಾಲಗೆಯದಾಗಿರದೆ ತೂಬಿನದಾಗಿರುತ್ತದೆ. ಗದರುವ ಮುನ್ನ ಅದನ್ನು ನೆನೆಯುವುದು ಲೇಸು.