ಚಳಿಗಾಲದ ಬಿಲ್ಲಿಗೆ ಸರ್ಕಾರದ ನೆರವು: ಬ್ರಿಟನ್, ಅಮೆರಿಕದಲ್ಲಿ ಯಾರಿಗೆ, ಎಷ್ಟು, ಹೇಗೆ?

ಬೆಂಗಳೂರಿನ ಡಿಸೆಂಬರ್ ಚಳಿಗೆ ಒಂದು ಸ್ವೆಟರ್, ರಾತ್ರಿಗೆ ಇನ್ನೊಂದು ಕಂಬಳಿ ಇದ್ದರೆ ಆಯಿತು. ಬರ್ಮಿಂಗ್‌ಹ್ಯಾಮ್‌ನಲ್ಲೋ ಮಿನಿಯಾಪೊಲಿಸ್‌ನಲ್ಲೋ ಹಾಗಾಗುವುದಿಲ್ಲ. ಅಲ್ಲಿ ಅಕ್ಟೋಬರ್ ಕಳೆಯಿತೆಂದರೆ ಮನೆ ಬೆಚ್ಚಗಿಡುವುದೇ ಬಾಡಿಗೆಯ ನಂತರದ ದೊಡ್ಡ ಚಿಂತೆ. ಹೊರದೇಶದ ಕನ್ನಡಿಗರೆಂದರೆ ಎಲ್ಲರೂ ದೊಡ್ಡ ಸಂಬಳದ ಸಾಫ್ಟ್‌ವೇರ್ ಉದ್ಯೋಗಿಗಳಲ್ಲ. ದಶಕಗಳ ಹಿಂದೆ ಹೋಗಿ ಈಗ ಸಣ್ಣ ಪಿಂಚಣಿಯಲ್ಲಿ ಬದುಕುತ್ತಿರುವ ಹಿರಿಯರಿದ್ದಾರೆ, ಒಬ್ಬರೇ ಉಳಿದ ಅಜ್ಜಿಯರಿದ್ದಾರೆ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ಗಂಟೆ ಲೆಕ್ಕಕ್ಕೆ ದುಡಿಯುವವರಿದ್ದಾರೆ. ‘ಸರ್ಕಾರದ ಮುಂದೆ ಕೈ ಚಾಚುವುದೇ?’ ಎಂದು ಹೀಟರ್ ಆರಿಸಿ ಶಾಲು ಹೊದ್ದು ಕೂರುವವರಿಗಾಗಿಯೇ ಈ ಲೇಖನ. ಇದು ಭಿಕ್ಷೆಯಲ್ಲ. ತೆರಿಗೆ ಕಟ್ಟಿದ ಸಮಾಜ ತನ್ನ ದುರ್ಬಲರಿಗೆಂದು ಎತ್ತಿಟ್ಟ ಹಣ.

ಎರಡೂ ದೇಶಗಳಲ್ಲಿ ನೆರವಿದೆ, ಆದರೆ ಅದು ಕೈಗೆ ಬರುವ ದಾರಿ ಬೇರೆ. ಬ್ರಿಟನ್ನಿನಲ್ಲಿ ಒಂದು ಮುಖ್ಯ ಭತ್ಯೆ ಸಿಕ್ಕಿತೆಂದರೆ ಚಳಿಗಾಲದ ಉಳಿದ ಹಣ ಬಹುಪಾಲು ತಾನಾಗಿ ಬರುತ್ತದೆ. ಅಮೆರಿಕದಲ್ಲಿ ಅರ್ಜಿ ಹಾಕಿದವರಿಗೆ, ಅದೂ ಬೇಗ ಹಾಕಿದವರಿಗೆ ಮಾತ್ರ. ಇಲ್ಲಿ ಕೊಟ್ಟಿರುವುದು 2025-26ರ ಚಳಿಗಾಲದ ಲೆಕ್ಕ.

ಮೊದಲು ವೀಸಾ ನೋಡಿ

ಮೊತ್ತ, ಅರ್ಜಿ ಎಲ್ಲಕ್ಕಿಂತ ಮೊದಲು ಇದು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ, ವಿದ್ಯಾರ್ಥಿ ವೀಸಾಗಳಿಗೆ ಸಾಮಾನ್ಯವಾಗಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಎಂಬ ಷರತ್ತು ಇರುತ್ತದೆ. ಅಂದರೆ ಯೂನಿವರ್ಸಲ್ ಕ್ರೆಡಿಟ್, ಪೆನ್ಷನ್ ಕ್ರೆಡಿಟ್‌ನಂಥ ಭತ್ಯೆಗಳನ್ನು ಪಡೆಯುವಂತಿಲ್ಲ. ಪಡೆದರೆ ವೀಸಾಕ್ಕೇ ಕುತ್ತು. ಮಕ್ಕಳು ಹೊಣೆಪತ್ರ ಬರೆದುಕೊಟ್ಟು ಕರೆಸಿಕೊಂಡ ತಂದೆತಾಯಿಗೂ ಸಾಮಾನ್ಯವಾಗಿ ಐದು ವರ್ಷ ಈ ಬಾಗಿಲು ಮುಚ್ಚಿರುತ್ತದೆ. ಕಾಯಂ ವಾಸದ ಅನುಮತಿ ಅಥವಾ ಪೌರತ್ವ ಇರುವ ಉಳಿದವರು ಮುಂದೆ ಓದಬಹುದು.

ಅಮೆರಿಕದಲ್ಲಿ ಎಚ್-1ಬಿ ವೀಸಾದವರು ಸಾಮಾನ್ಯವಾಗಿ ಅರ್ಹರಲ್ಲ. ಗ್ರೀನ್ ಕಾರ್ಡ್ ಇದ್ದವರು ಅರ್ಜಿ ಹಾಕಬಹುದು. ಆಹಾರ ಭತ್ಯೆಗೆ ಇರುವ ಐದು ವರ್ಷದ ಕಾಯುವಿಕೆ ಚಳಿಗಾಲದ ಈ ನೆರವಿಗೆ ಇಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಮನೆಯಲ್ಲಿ ಅಲ್ಲೇ ಹುಟ್ಟಿದ ಮಗುವಿದ್ದರೆ ಆ ಮಗುವಿನ ಲೆಕ್ಕದಲ್ಲಿ ಅರ್ಜಿ ತೆಗೆದುಕೊಳ್ಳುವ ರಾಜ್ಯಗಳೂ ಇವೆ. ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಇತ್ಯರ್ಥವಾಗದಿದ್ದರೆ ಮಾತ್ರ ವಲಸೆ ವಕೀಲರನ್ನು ಕೇಳದೆ ಯಾವ ಅರ್ಜಿಗೂ ಸಹಿ ಹಾಕಬೇಡಿ.

ಬ್ರಿಟನ್: ಪೆನ್ಷನ್ ಕ್ರೆಡಿಟ್ ಎಂಬ ಕೀಲಿಕೈ

ಹಿರಿಯರು ಮೊದಲು ಮಾಡಬೇಕಾದ ಕೆಲಸ ಹೀಟರ್ ನೆರವಿಗೆ ಅರ್ಜಿ ಹಾಕುವುದಲ್ಲ, ಪೆನ್ಷನ್ ಕ್ರೆಡಿಟ್‌ಗೆ ಹಾಕುವುದು. ವಾರದ ಆದಾಯ ಒಬ್ಬರಿಗೆ 227.10 ಪೌಂಡ್, ದಂಪತಿಗೆ 346.60 ಪೌಂಡ್ ಆಗುವಷ್ಟು ಕೊರತೆಯನ್ನು ಅದು ತುಂಬುತ್ತದೆ. ವಾರಕ್ಕೆ ಎರಡು ಪೌಂಡ್ ಮಾತ್ರ ಸಿಗುವುದಾದರೂ ಬಿಡಬೇಡಿ. ಆ ಎರಡು ಪೌಂಡಿನ ಬೆನ್ನಿಗೇ ಕೋಲ್ಡ್ ವೆದರ್ ಪೇಮೆಂಟ್, ವಾರ್ಮ್ ಹೋಮ್ ಡಿಸ್ಕೌಂಟ್ ಎರಡಕ್ಕೂ ದಾರಿ ತೆರೆಯುತ್ತದೆ. ಅರ್ಹರಾಗಿದ್ದೂ ಕೇಳದೆ ಉಳಿದವರು ಅಲ್ಲಿ ಬಹಳ ಮಂದಿ. ಅರ್ಜಿ ಹಾಕಿದ ದಿನದಿಂದ ಮೂರು ತಿಂಗಳ ಹಿಂದಿನವರೆಗಿನ ಬಾಕಿಯನ್ನೂ ಕೇಳಬಹುದು.

ಅರ್ಜಿಯಲ್ಲಿ ನಮ್ಮವರು ಎಡವುವ ಜಾಗಗಳು ಇವು. ವಾಸದ ಮನೆ ಆಸ್ತಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೈಸೂರಿನಲ್ಲಿರುವ ನಿವೇಶನ, ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಕೊಟ್ಟ ಮನೆ ಬರುತ್ತದೆ. ಭಾರತದಿಂದ ಬರುವ ಪಿಂಚಣಿಯೂ ಆದಾಯವೇ. ಬರೆಯದೆ ಬಿಟ್ಟರೆ ಮುಂದೆ ಹಣ ವಾಪಸು ಕೊಡಬೇಕಾಗುತ್ತದೆ, ದಂಡವೂ ಬೀಳಬಹುದು. ಉಳಿತಾಯ 10,000 ಪೌಂಡ್‌ವರೆಗೆ ಇದ್ದರೆ ಚಿಂತೆಯಿಲ್ಲ. ಅದರ ಮೇಲಿನ ಪ್ರತಿ 500 ಪೌಂಡ್‌ಗೆ ವಾರಕ್ಕೆ ಒಂದು ಪೌಂಡ್ ಆದಾಯವೆಂದು ಹಿಡಿಯುತ್ತಾರೆ. ದಂಪತಿಯಲ್ಲಿ ಒಬ್ಬರಿಗೆ ಇನ್ನೂ ಪಿಂಚಣಿ ವಯಸ್ಸಾಗಿಲ್ಲದಿದ್ದರೆ, 2019ರ ಮೇ ತಿಂಗಳಿಂದ ಈಚೆ ಹೊಸದಾಗಿ ಪೆನ್ಷನ್ ಕ್ರೆಡಿಟ್ ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ಯೂನಿವರ್ಸಲ್ ಕ್ರೆಡಿಟ್ ಕೇಳಬೇಕು.

ಇನ್ನೊಂದು ಎಚ್ಚರ. ಚಳಿ ತಪ್ಪಿಸಿಕೊಳ್ಳಲು ಎರಡು-ಮೂರು ತಿಂಗಳು ಊರಿಗೆ ಬರುವ ರೂಢಿ ನಮ್ಮ ಹಿರಿಯರಲ್ಲಿದೆ. ದೇಶ ಬಿಟ್ಟಿರುವುದು ನಾಲ್ಕು ವಾರ ಮೀರಿದರೆ ಪೆನ್ಷನ್ ಕ್ರೆಡಿಟ್ ನಿಲ್ಲುತ್ತದೆ. ಹತ್ತಿರದವರ ಸಾವು, ಚಿಕಿತ್ಸೆಯಂಥ ಕಾರಣಕ್ಕೆ ಮಾತ್ರ ಹೆಚ್ಚಿನ ಅವಧಿಗೆ ವಿನಾಯಿತಿ. ಟಿಕೆಟ್ ಕೊಳ್ಳುವ ಮೊದಲೇ ಇಲಾಖೆಗೆ ತಿಳಿಸಿ.

ಮೂರು ನೆರವು, ಮೂರು ಲೆಕ್ಕ

ವಿಂಟರ್ ಫ್ಯೂಯೆಲ್ ಪೇಮೆಂಟ್‌ಗೆ ಮುಖ್ಯವಾಗಿ ವಯಸ್ಸೇ ಆಧಾರ. 1997ರಲ್ಲಿ ಶುರುವಾದ ಇದು ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300 ಪೌಂಡ್. 2024ರಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಇದನ್ನು ಪೆನ್ಷನ್ ಕ್ರೆಡಿಟ್‌ನಂಥ ಭತ್ಯೆ ಇದ್ದವರಿಗೆ ಸೀಮಿತಗೊಳಿಸಿದಾಗ ಕೋಟಿಗೆ ಹತ್ತಿರದಷ್ಟು ಹಿರಿಯರ ಕೈತಪ್ಪಿತು. ಭಾರಿ ವಿರೋಧದ ನಂತರ 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ‘ಅದು ನಿಂತುಹೋಯಿತಲ್ಲ’ ಎಂದು ಇನ್ನೂ ನಂಬಿದವರಿದ್ದಾರೆ. ಅವರಿಗೆ ಹೇಳಿ: 1959ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಹುಟ್ಟಿದವರಿಗೆ ಇದು ಮತ್ತೆ ಇದೆ. ತೆರಿಗೆಗೆ ಒಳಪಡುವ ವರಮಾನ 35,000 ಪೌಂಡ್ ಮೀರಿದವರಿಂದ ಮಾತ್ರ ತೆರಿಗೆಯ ಮೂಲಕ ವಾಪಸು ಪಡೆಯುತ್ತಾರೆ. ಈ ಮಿತಿ ಒಬ್ಬೊಬ್ಬರಿಗೆ, ಇಡೀ ಮನೆಗಲ್ಲ. ಗಂಡನ ವರಮಾನ 36,000, ಹೆಂಡತಿಯದು 12,000 ಎಂದಿಟ್ಟುಕೊಳ್ಳಿ. ತಲಾ 100 ಪೌಂಡ್ ಬಂದು, ಗಂಡನ 100 ಮಾತ್ರ ವಾಪಸು ಹೋಗುತ್ತದೆ.

ಕೋಲ್ಡ್ ವೆದರ್ ಪೇಮೆಂಟ್‌ಗೆ ಥರ್ಮಾಮೀಟರೇ ಆಧಾರ. ನವೆಂಬರ್ 1ರಿಂದ ಮಾರ್ಚ್ 31ರ ನಡುವೆ ನಿಮ್ಮ ಪೋಸ್ಟ್‌ಕೋಡ್‌ಗೆ ಜೋಡಿಸಿದ ಹವಾಮಾನ ಕೇಂದ್ರದಲ್ಲಿ ಸತತ ಏಳು ದಿನದ ಸರಾಸರಿ ತಾಪಮಾನ ಸೊನ್ನೆ ಡಿಗ್ರಿ ಅಥವಾ ಕೆಳಗಿದ್ದರೆ 25 ಪೌಂಡ್. ಹಾಗಾಗುತ್ತದೆಂದು ಮುನ್ಸೂಚನೆ ಇದ್ದರೂ ಸರಿ. ಪೆನ್ಷನ್ ಕ್ರೆಡಿಟ್ ಇದ್ದವರಿಗೆ ತಾನಾಗಿ ಬರುತ್ತದೆ. ಯೂನಿವರ್ಸಲ್ ಕ್ರೆಡಿಟ್‌ನವರಿಗೆ ಷರತ್ತು ಹೆಚ್ಚು: ಮನೆಯಲ್ಲಿ ಐದು ವರ್ಷದೊಳಗಿನ ಮಗು ಅಥವಾ ಅನಾರೋಗ್ಯ, ಅಂಗವೈಕಲ್ಯದ ಕಾರಣ ಇರಬೇಕು, ಜೊತೆಗೆ ದುಡಿಮೆ ಇರಬಾರದು. ಅಂಗವಿಕಲ ಮಗುವಿನ ಹೆಚ್ಚುವರಿ ಭತ್ಯೆ ಇದ್ದರೆ ಮಾತ್ರ ದುಡಿಯುವ ಪೋಷಕರಿಗೂ ಸಿಗುತ್ತದೆ. ಮಗು ಹುಟ್ಟಿದ್ದನ್ನು ಕಚೇರಿಗೆ ತಿಳಿಸದೆ ಈ ಹಣ ಕಳೆದುಕೊಳ್ಳಬೇಡಿ. ಅಂದಹಾಗೆ, ಈ 25 ಪೌಂಡ್ 2008ರಿಂದ ಏರಿಲ್ಲ. ಅಂದಿನ 25 ಪೌಂಡ್‌ಗೆ ಬರುತ್ತಿದ್ದಷ್ಟು ಗ್ಯಾಸು ಇಂದು ಬರುವುದಿಲ್ಲವೆಂದು ಸರ್ಕಾರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಇದು ಅನ್ಯಾಯ.

ವಾರ್ಮ್ ಹೋಮ್ ಡಿಸ್ಕೌಂಟ್ ನಗದಲ್ಲ. ನಮ್ಮ ಗೃಹಜ್ಯೋತಿಯಂತೆ ಇದನ್ನೂ ಬಿಲ್ಲಿನಲ್ಲೇ ಕಳೆಯುತ್ತಾರೆ: ವಿದ್ಯುತ್ ಬಿಲ್ಲಿನಿಂದ ಒಂದು ಸಲ 150 ಪೌಂಡ್. ಮನೆ ಬೆಚ್ಚಗಿಡಲು ದುಬಾರಿ ಎಂದು ತೋರಿಸಬೇಕಿದ್ದ ಹಳೆಯ ಷರತ್ತನ್ನು ಇಂಗ್ಲೆಂಡ್, ವೇಲ್ಸ್‌ನಲ್ಲಿ ಈ ಚಳಿಗಾಲದಿಂದ ತೆಗೆದಿದ್ದಾರೆ. ಯೂನಿವರ್ಸಲ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್, ಪೆನ್ಷನ್ ಕ್ರೆಡಿಟ್‌ನಂಥ ಭತ್ಯೆ ಇದ್ದರಾಯಿತು. ಆದರೆ 2025ರ ಆಗಸ್ಟ್ 24ರಂದು ವಿದ್ಯುತ್ ಖಾತೆ ನಿಮ್ಮ ಅಥವಾ ಸಂಗಾತಿಯ ಹೆಸರಿನಲ್ಲಿ ಇದ್ದಿರಬೇಕು, ಕಂಪನಿ ಈ ಯೋಜನೆಯಲ್ಲಿ ಸೇರಿರಬೇಕು. ಬಿಲ್ ಮನೆಮಾಲೀಕರ ಹೆಸರಿನಲ್ಲಿದ್ದರೆ, ಇಲ್ಲವೇ ಮಗನ ಹೆಸರಿನಲ್ಲಿದ್ದರೆ ಸಿಗುವುದಿಲ್ಲ. ಹೆಸರು ಬದಲಿಸಲು ಮುಂದಿನ ಆಗಸ್ಟ್‌ವರೆಗೆ ಕಾಯಬೇಡಿ, ಈಗಲೇ ಬದಲಿಸಿ. ಮೊದಲೇ ಹಣ ತುಂಬಿಸುವ ಪ್ರೀಪೇಮೆಂಟ್ ಮೀಟರ್ ಇದ್ದವರಿಗೂ ಸಿಗುತ್ತದೆ, ವೋಚರ್ ಬರಬಹುದು. ಆ ಪತ್ರವನ್ನು ಜಾಹೀರಾತೆಂದು ಹರಿದು ಹಾಕದಿರಿ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಹೆಚ್ಚು ಭರವಸೆ ಮೂಡಿಸುವುದು ಕೊನೆಯದು. ಹವಾಮಾನ ನೋಡದೆ, ವಯಸ್ಸು ಕೇಳದೆ ಬರುತ್ತದೆ. 75ರ ಹಿರಿಯರೊಬ್ಬರಿಗೆ ಪೆನ್ಷನ್ ಕ್ರೆಡಿಟ್ ಸಿಕ್ಕಿ, ವಿದ್ಯುತ್ ಖಾತೆಯೂ ಅವರ ಹೆಸರಿನಲ್ಲಿದ್ದರೆ 200 ಮತ್ತು 150, ಒಟ್ಟು 350 ಪೌಂಡ್ ಖಚಿತ. ಎರಡು ಚಳಿ ವಾರ ಬಂದರೆ ಇನ್ನೂ 50.

ಸ್ಕಾಟ್ಲೆಂಡ್‌ನವರಿಗೆ ಲೆಕ್ಕ ಬೇರೆ. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ಸ್ಕಾಟ್ಲೆಂಡ್ ಹಿರಿಯರಿಗೆ 203.40 ಅಥವಾ 305.10 ಪೌಂಡ್ ಕೊಡುತ್ತದೆ. ಚಳಿ ವಾರದ 25 ಪೌಂಡ್‌ಗೆ ಬದಲಾಗಿ, ಎಷ್ಟೇ ಚಳಿಯಿರಲಿ ಬಿಡಲಿ, 59.75 ಪೌಂಡ್ ಒಂದೇ ಸಲ. ಮೂರು ಚಳಿ ವಾರ ಬಂದ ವರ್ಷ ಇಂಗ್ಲೆಂಡಿನವರಿಗೆ 75 ಸಿಕ್ಕಿ ಲಾಭ. ಹಿತವಾದ ಚಳಿಗಾಲದಲ್ಲಿ ಅವರ ಕೈ ಖಾಲಿ. ತಿಂಗಳ ಖರ್ಚನ್ನು ಮೊದಲೇ ಹೊಂದಿಸಿಕೊಳ್ಳಬೇಕಾದ ಬಡ ಮನೆಗೆ ಸ್ಕಾಟ್ಲೆಂಡ್‌ನ ಖಚಿತ ಹಣವೇ ಮೇಲು. ಉತ್ತರ ಐರ್ಲೆಂಡ್‌ನಲ್ಲಿ ಮೊದಲ ಎರಡು ಇವೆ, 150 ಪೌಂಡ್ ರಿಯಾಯಿತಿ ಇಲ್ಲ.

ಅಮೆರಿಕ: ಹಣ ಮುಗಿಯುವ ಮೊದಲು

ಅಲ್ಲಿನ ಯೋಜನೆಯ ಹೆಸರು ಲೋ ಇನ್‌ಕಮ್ ಹೋಮ್ ಎನರ್ಜಿ ಅಸಿಸ್ಟೆನ್ಸ್ ಪ್ರೋಗ್ರಾಂ. ಬಾಯಿಮಾತಿನಲ್ಲಿ ‘ಲೈಹೀಪ್’. 1981ರ ಕಾನೂನಿನಡಿ ಬಂದದ್ದು. ಸಂಸತ್ತು ವರ್ಷವರ್ಷವೂ ಮಂಜೂರು ಮಾಡುವ ಸುಮಾರು 400 ಕೋಟಿ ಡಾಲರ್ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಅರ್ಹರೆಲ್ಲರಿಗೂ ಸಿಗಲೇಬೇಕೆಂಬ ಹಕ್ಕು ಇಲ್ಲಿಲ್ಲ. ಹಣ ತೀರಿದರೆ ಬಾಗಿಲು ಹಾಕುತ್ತಾರೆ. 2025ರ ಶರತ್ಕಾಲದಲ್ಲಿ ಒಕ್ಕೂಟ ಸರ್ಕಾರದ ಕೆಲಸ ಸ್ಥಗಿತಗೊಂಡಾಗ ಹಣ ರಾಜ್ಯಗಳಿಗೆ ತಲುಪುವುದೇ ತಡವಾಯಿತು. ಆದ್ದರಿಂದ ಅರ್ಜಿ ತೆರೆಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಬಹಳಷ್ಟು ರಾಜ್ಯಗಳಲ್ಲಿ ಅದು ಅಕ್ಟೋಬರ್ ಅಥವಾ ನವೆಂಬರ್.

ಆದಾಯ ಮಿತಿಯನ್ನು ರಾಜ್ಯವೇ ನಿಗದಿ ಮಾಡುತ್ತದೆ. ಒಕ್ಕೂಟದ ಬಡತನ ರೇಖೆಯ ಒಂದೂವರೆ ಪಟ್ಟು ಅಥವಾ ರಾಜ್ಯದ ಮಧ್ಯಮ ಆದಾಯದ ಶೇ 60, ಇವೆರಡರಲ್ಲಿ ಹೆಚ್ಚಿನದನ್ನು ಅದು ದಾಟುವಂತಿಲ್ಲ. 2025ರ ಬಡತನ ರೇಖೆಯ ಪ್ರಕಾರ ಒಂದೂವರೆ ಪಟ್ಟು ಎಂದರೆ ಒಬ್ಬರಿಗೆ ವರ್ಷಕ್ಕೆ 23,475 ಡಾಲರ್, ನಾಲ್ವರ ಮನೆಗೆ 48,225 ಡಾಲರ್. ಆಹಾರ ಭತ್ಯೆಯಂಥ ನೆರವು ಈಗಾಗಲೇ ಇದ್ದರೆ ಹಲವು ರಾಜ್ಯಗಳು ಆದಾಯದ ದಾಖಲೆಯನ್ನು ಮತ್ತೆ ಕೇಳುವುದಿಲ್ಲ.

ಅರ್ಜಿ ಎಲ್ಲಿ ಎಂಬುದೇ ಗೊತ್ತಿಲ್ಲದಿದ್ದರೆ 211ಕ್ಕೆ ಫೋನ್ ಮಾಡಿ, ನಿಮ್ಮ ಕೌಂಟಿಯಲ್ಲಿ ಇದನ್ನು ನೋಡಿಕೊಳ್ಳುವ ಸಂಸ್ಥೆಯನ್ನು ಹೇಳುತ್ತಾರೆ. ಇತ್ತೀಚಿನ ಸಂಬಳದ ಚೀಟಿಗಳು, ಹೊಸ ಬಿಲ್ಲು, ಬಾಡಿಗೆ ಕರಾರು, ಮನೆಯವರ ಗುರುತಿನ ಚೀಟಿ ಮತ್ತು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಒಂದೇ ಕವರಿನಲ್ಲಿ ಸಿದ್ಧವಿರಲಿ. ಒಂದು ಕಾಗದ ಕಡಿಮೆಯಾದರೂ ಅರ್ಜಿ ಪಕ್ಕಕ್ಕೆ ಹೋಗುತ್ತದೆ, ಅಷ್ಟರಲ್ಲಿ ಹಣ ಖಾಲಿಯಾಗಬಹುದು. ಹಣ ಸಾಮಾನ್ಯವಾಗಿ ನಿಮ್ಮ ಕೈಗೆ ಬರದೆ ನೇರ ಕಂಪನಿಗೆ ಹೋಗುತ್ತದೆ. ಗ್ಯಾಸ್, ವಿದ್ಯುತ್ ಮಾತ್ರವಲ್ಲ, ಹೀಟಿಂಗ್ ಆಯಿಲ್, ಪ್ರೋಪೇನ್, ಸೌದೆಗೂ ಸಿಗುತ್ತದೆ. ಹೀಟಿಂಗ್ ಖರ್ಚು ಬಾಡಿಗೆಯಲ್ಲೇ ಸೇರಿದ್ದರೂ ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಸಣ್ಣ ಮೊತ್ತ ಸಿಗುತ್ತದೆ. ಬ್ರಿಟನ್ನಿಗಿಂತ ಅಮೆರಿಕ ಉದಾರವಾಗಿರುವ ಜಾಗ ಇದೊಂದು.

ಸಂಪರ್ಕ ಕಡಿತದ ನೋಟಿಸ್ ಬಂದಿದ್ದರೆ, ಟ್ಯಾಂಕಿನ ಎಣ್ಣೆ ತಳ ಕಂಡಿದ್ದರೆ ಸಾಮಾನ್ಯ ಅರ್ಜಿಯ ಬದಲು ‘ಕ್ರೈಸಿಸ್’ ನೆರವು ಕೇಳಿ. ಅರ್ಹರಿಗೆ 48 ಗಂಟೆಯೊಳಗೆ, ಜೀವಕ್ಕೆ ಅಪಾಯವಿದ್ದರೆ 18 ಗಂಟೆಯೊಳಗೆ ಏನಾದರೊಂದು ಪರಿಹಾರ ಒದಗಿಸಬೇಕೆಂದು ಕಾನೂನಿದೆ. ಫೋನಿನಲ್ಲಿ ಆ ಗಂಟೆಗಳನ್ನು ಹೆಸರಿಸಿಯೇ ಕೇಳಿ. ಮನೆಯಲ್ಲಿ ಕೂಸು, ವೃದ್ಧರು, ಆಕ್ಸಿಜನ್ ಯಂತ್ರದ ಮೇಲಿರುವ ರೋಗಿ ಇದ್ದರೆ ಮೊದಲ ವಾಕ್ಯದಲ್ಲೇ ಹೇಳಿ. ಸಂಕೋಚ ಬೇಡ.

ಕೆಲವು ರಾಜ್ಯಗಳು ಚಳಿಗಾಲದಲ್ಲಿ ಸಂಪರ್ಕ ಕಡಿಯುವುದನ್ನೇ ತಡೆದಿವೆ. ವಿಸ್ಕಾನ್ಸಿನ್‌ನಲ್ಲಿ ಈ ರಕ್ಷಣೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ. ಮಿನ್ನೆಸೋಟದಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಆದರೆ ಕಂಪನಿಯೊಂದಿಗೆ ಕಂತಿನ ಒಪ್ಪಂದ ಮಾಡಿಕೊಂಡು ಅದರಂತೆ ಕಟ್ಟಬೇಕು. ಇದು ಬಿಲ್ ಮನ್ನಾ ಅಲ್ಲ. ಚಳಿ ಮುಗಿದ ಮೇಲೆ ಬಾಕಿಯೆಲ್ಲ ಒಟ್ಟಿಗೆ ಎದುರು ನಿಲ್ಲುತ್ತದೆ, ಆದ್ದರಿಂದ ರಕ್ಷಣೆ ಇರುವಾಗಲೇ ಲೈಹೀಪ್ ಅರ್ಜಿ ಹಾಕಿ.

ಸ್ವಂತ ಮನೆಯ ಗೋಡೆ, ಕಿಟಕಿಯಿಂದ ಗಾಳಿ ನುಗ್ಗುತ್ತಿದ್ದರೆ 1976ರಿಂದ ಇರುವ ವೆದರೈಸೇಷನ್ ಅಸಿಸ್ಟೆನ್ಸ್ ಪ್ರೋಗ್ರಾಂ ಅನ್ನೂ ಕೇಳಿ. ಇಲ್ಲಿ ಆದಾಯ ಮಿತಿ ಬಡತನ ರೇಖೆಯ ಎರಡು ಪಟ್ಟಿನವರೆಗೆ ಇದೆ. ಸಂದು ಮುಚ್ಚಿ, ಇನ್ಸುಲೇಷನ್ ಹಾಕಿಕೊಡುತ್ತಾರೆ. ಸರದಿ ಬರುವುದು ನಿಧಾನ, ಆದರೆ ಪ್ರಯೋಜನ ವರ್ಷಾನುಗಟ್ಟಲೆ ಉಳಿಯುತ್ತದೆ.

ಮೆಸೇಜ್ ಬಂದರೆ

ಬ್ರಿಟನ್ನಿನಲ್ಲಿ ‘ನಿಮ್ಮ ವಿಂಟರ್ ಫ್ಯೂಯೆಲ್ ಹಣ ಬಾಕಿಯಿದೆ, ಲಿಂಕ್ ಒತ್ತಿ’ ಎಂಬ ಮೆಸೇಜುಗಳು ಹಿರಿಯರ ಫೋನಿಗೆ ಬರುತ್ತಿವೆ. ಎಲ್ಲ ಮೋಸ. ಈ ಹಣಕ್ಕಾಗಿ ಇಲಾಖೆ ಮೆಸೇಜ್ ಮೂಲಕ ಬ್ಯಾಂಕ್ ವಿವರ ಕೇಳುವುದಿಲ್ಲ. ಅಲ್ಲಿನ ಅಪ್ಪ-ಅಮ್ಮನಿಗೆ ಈ ವಾರ ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳಿ: ವಿದ್ಯುತ್ ಬಿಲ್ ಯಾರ ಹೆಸರಿನಲ್ಲಿದೆ? ಪೆನ್ಷನ್ ಕ್ರೆಡಿಟ್‌ಗೆ ಎಂದಾದರೂ ಅರ್ಜಿ ಹಾಕಿದ್ದೀರಾ? ನವೆಂಬರ್, ಡಿಸೆಂಬರ್‌ನಲ್ಲಿ ಬ್ಯಾಂಕಿಗೆ 200 ಪೌಂಡ್ ಬಂತೇ? ಬಂದಿಲ್ಲವೆಂದರೆ 2026ರ ಮಾರ್ಚ್ 31ರೊಳಗೆ ವಿಂಟರ್ ಫ್ಯೂಯೆಲ್ ಹಣವನ್ನು ಅರ್ಜಿ ಹಾಕಿ ಕೇಳಬೇಕು.